ಬೆಲ್ಲ ಕಟ್ಟದಿದ್ದರೆ ಕೊಪ್ಪರಿಗೆಯನ್ನು ಬೈಯಬೇಡಿ

ಮಂಡ್ಯ, ಮದ್ದೂರು ಕಡೆಯ ಆಲೆಮನೆಗಳಲ್ಲಿ ಪಾಕ ಅಚ್ಚಿನಲ್ಲಿ ಕೂರದೆ ಅಂಟಂಟಾದರೆ ಮೊದಲ ಬೈಗುಳ ಬೀಳುವುದು ಪಾಕ ಇಳಿಸಿದವನಿಗೆ. ಎಷ್ಟೋ ಸಲ ತಪ್ಪು ಅವನದಲ್ಲ. ಕಡಿದ ಕಬ್ಬನ್ನು ಬದುವಿನ ಮೇಲೆ ಮೂರು ದಿನ ಬಿಸಿಲಿಗೆ ಬಿಟ್ಟಾಗಲೇ ಬೆಲ್ಲ ಕೆಟ್ಟಿರುತ್ತದೆ.

ಬೆಲ್ಲದಲ್ಲಿ ಹರಳುಗಟ್ಟುವುದು ಸುಕ್ರೋಸ್ ಎಂಬ ಸಕ್ಕರೆ. ಅದು ಒಡೆದರೆ ಗ್ಲುಕೋಸ್, ಫ್ರಕ್ಟೋಸ್ ಆಗುತ್ತದೆ. ಇವೂ ಸಿಹಿಯೇ, ಆದರೆ ಹರಳಾಗಲು ಬಿಡುವುದಿಲ್ಲ, ಸಾಲದ್ದಕ್ಕೆ ಗಾಳಿಯ ತೇವ ಎಳೆದುಕೊಳ್ಳುತ್ತವೆ. ಕಡಿದ ಜಲ್ಲೆಯೊಳಗೆ ಇನ್ವರ್ಟೇಸ್ ಎಂಬ ಕಿಣ್ವ ಈ ಒಡೆಯುವ ಕೆಲಸವನ್ನು ಮಾಡುತ್ತಲೇ ಇರುತ್ತದೆ, ಬಿಸಿಲಿಗೆ ಇನ್ನೂ ಚುರುಕಾಗಿ. ಕಡಿದ ಬಾಯಿಂದ ನುಗ್ಗಿದ ಬ್ಯಾಕ್ಟೀರಿಯಾ ಕಬ್ಬಿನ ಹಾಲನ್ನು (ರಸವನ್ನು) ಲೋಳೆ ಮಾಡುತ್ತವೆ. 24 ಗಂಟೆಯೊಳಗೆ ಗಾಣಕ್ಕೆ ಕೊಡಿ ಎನ್ನುವುದು ಇದಕ್ಕೇ. ಕಟಾವಿಗೆ ಮುಂಚಿನ ತಿಂಗಳುಗಳಲ್ಲಿ ಯೂರಿಯಾ ಸುರಿದಿದ್ದರೆ ಬಣ್ಣವೂ ಕಪ್ಪಿಗೆ ತಿರುಗುತ್ತದೆ. ನಾಲೆ ಬಯಲಿನ ತಗ್ಗಿನ ಚೌಳು ಜಮೀನಿನ ಕಬ್ಬಾದರೆ ಬೆಲ್ಲ ಉಪ್ಪುಪ್ಪು.

ಹಾಲು ಸಹಜವಾಗಿಯೇ ಹುಳಿ, ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 5.2ರ ಆಸುಪಾಸು. ಹುಳಿಯಲ್ಲೇ ಕುದಿಸಿದರೆ ಸುಕ್ರೋಸ್ ಮತ್ತಷ್ಟು ಒಡೆಯುತ್ತದೆ. ಸುಣ್ಣದ ತಿಳಿ ಹಾಕಿ ಅದನ್ನು 6ರಿಂದ 6.5ರೊಳಗೆ ತರಬೇಕು. ಜಾಸ್ತಿಯಾಯಿತೋ, ಸುಣ್ಣದ ಕ್ಷಾರಕ್ಕೆ ಗ್ಲುಕೋಸ್ ಸುಟ್ಟಂತಾಗಿ ಬೆಲ್ಲ ಕರಿದಾಗುತ್ತದೆ. ಕೈಯಳತೆ ನಂಬುವುದಕ್ಕಿಂತ ಒಂದು ಚೂರು ಪಿಎಚ್ ಕಾಗದ ಮೇಲು.

ಜಜ್ಜಿ ನೆನೆಸಿದ ಬೆಂಡೆ ಗಿಡದ ಲೋಳೆಯ ಸರದಿ ಆಮೇಲೆ. ಹಾಲು ಕಾಯುತ್ತ ಬಂದಂತೆ ಪ್ರೋಟೀನು, ಮಣ್ಣು, ಮೇಣವೆಲ್ಲ ಆ ಲೋಳೆಗೆ ಸಿಕ್ಕಿ ಮಡ್ಡಿಯಾಗಿ ತೇಲುತ್ತವೆ. ಕೊತಕೊತ ಕುದಿ ಬರುವ ಮೊದಲೇ ಮಡ್ಡಿ ತೆಗೆಯಬೇಕು. ಹತ್ತು ನಿಮಿಷ ಬೀಡಿಗೆಂದು ಹೊರಗೆ ಹೋದರೆ ಅದೆಲ್ಲ ಒಡೆದು ಮತ್ತೆ ಹಾಲಿನಲ್ಲೇ ಬೆರೆಯುತ್ತದೆ, ಆಮೇಲೆ ಯಾವ ಜಾಲರಿಯೂ ಹಿಡಿಯದು.

ಒಂದು ಟನ್ ಕಬ್ಬಿಗೆ ಸುಮಾರು 600 ಕೆ.ಜಿ. ಹಾಲು, ಅದರಿಂದ 100 ಕೆ.ಜಿ.ಗೂ ತುಸು ಹೆಚ್ಚು ಬೆಲ್ಲ. ಉಳಿದ ಹತ್ತಿರ ಹತ್ತಿರ 500 ಕೆ.ಜಿ. ಬಹುಪಾಲು ನೀರೇ, ಅಷ್ಟನ್ನೂ ಆವಿ ಮಾಡಬೇಕು. ಒಣಗಿದ ರಚ್ಚು (ಹಾಲು ಹಿಂಡಿದ ಕಬ್ಬಿನ ಸಿಪ್ಪೆ) ಇದ್ದರೆ ಒಲೆಗೆ ಬೇರೆ ಸೌದೆ ಬೇಡ. ರಚ್ಚು ಒದ್ದೆಯಾದ ದಿನ ಹಳೇ ಟೈರು ಸುಡುವವರೂ ಇದ್ದಾರೆ. ಆ ಹೊಗೆ ಕುಡಿಯುವುದು ಒಲೆ ಮುಂದೆ ಕೂತವನು.

ನೀರು ಕಳೆದಂತೆ ಕುದಿಯುವ ಬಿಸಿ ಏರುತ್ತದೆ. 105–106 ಡಿಗ್ರಿಗೆ ಇಳಿಸಿದರೆ ಜೋನಿ (ನೀರು) ಬೆಲ್ಲ, ಅಚ್ಚಿಗೆ 118ರ ಹತ್ತಿರ, ಪುಡಿಗೆ ಇನ್ನೆರಡು ಡಿಗ್ರಿ ಮೇಲೆ. ಥರ್ಮಾಮೀಟರ್ ಇಲ್ಲದವರು ತಣ್ಣೀರಿಗೆ ಒಂದು ತೊಟ್ಟು ಬಿಡುತ್ತಾರೆ: ಬೆರಳಲ್ಲಿ ಉಂಡೆಯಾಗಿ, ಎಸೆದರೆ ಟಣ್ ಅಂದರೆ ಹದ ಬಂತು.

ಇಷ್ಟಾದರೂ ಬಣ್ಣ ಬಾರದಿದ್ದಾಗ ಕೆಲವರ ಕೈ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಡಬ್ಬಕ್ಕೆ ಹೋಗುತ್ತದೆ. ಈ ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಬಣ್ಣದ ಕಣಗಳನ್ನು ಮರೆಮಾಡುತ್ತದೆಯೇ ಹೊರತು ಹೊರಗೆ ಹಾಕುವುದಿಲ್ಲ. ಒಳಗೆ ಗಂಧಕದ ಅಂಶ ಉಳಿಯುತ್ತದೆ, ಗಾಳಿಯ ಆಮ್ಲಜನಕ ತಾಗುತ್ತಿದ್ದಂತೆ ಬಣ್ಣ ಮರಳುತ್ತದೆ. ಸಂತೆಯ ದಿನ ಹೊನ್ನಿನಂತಿದ್ದ ಅಚ್ಚು ಮಳೆಗಾಲಕ್ಕೆ ಕಂದಿ, ನೀರೊಡೆದು, ಗೋಣಿಗೆ ಅಂಟಿಕೊಂಡು ಕೂತಿರುತ್ತದೆ.