ತಂಗಡಿ ನೆಡಿ, ಎಲೆ ತಿನ್ನಲು ಬಿಡಿ

ನೀರು ಜಾಸ್ತಿ ಕೇಳಬಾರದು, ಚಿಟ್ಟೆ-ದುಂಬಿ ಬರಬೇಕು, ಅಂಥ ಗಿಡ ಕೊಡಿ ಎಂದು ನರ್ಸರಿಗೆ ಬಂದವರಿಗೆ ನಾನು ಮೊದಲು ತೋರಿಸುವುದು ತಂಗಡಿಯನ್ನು. ಕೆಲವು ಕಡೆ ಆವರಿಕೆ ಎನ್ನುತ್ತಾರೆ. "ಇದು ರಸ್ತೆ ಬದಿ ಗಿಡ ಅಲ್ವಾ?" ಎಂದು ಎಷ್ಟೋ ಜನ ಮುಖ ತಿರುಗಿಸುತ್ತಾರೆ. ಹೌದು, ಚಳ್ಳಕೆರೆ, ಪಾವಗಡದ ಕಡೆ ಬೀಳು ನೆಲದಲ್ಲಿ, ಕೆರೆ ಏರಿ ಮೇಲೆ ಅದು ತಾನೇ ಬೆಳೆಯುತ್ತದೆ. ಯಾರೂ ನೀರು ಹಾಕದೆ ಅಲ್ಲಿ ಬದುಕಿದೆ ಎಂಬುದೇ ಅದನ್ನು ಆರಿಸಲು ಕಾರಣ. ದನ, ಮೇಕೆ ಬಾಯಿ ಹಾಕುವುದೂ ಕಡಿಮೆ. ಪಕ್ಕದ ತೆಲಂಗಾಣದಲ್ಲಿ ಇದು ರಾಜ್ಯ ಪುಷ್ಪ, ಬತುಕಮ್ಮ ಹಬ್ಬಕ್ಕೆ ಬೇಕೇ ಬೇಕಾದ ಹೂವು.

ಹಳದಿ ಹೂವನ್ನು ಹತ್ತಿರದಿಂದ ನೋಡಿ. ಅದರಲ್ಲಿ ಮಕರಂದ ಇಲ್ಲ, ಸಿಗುವುದು ಪರಾಗ ಮಾತ್ರ. ಅದೂ ಸುಲಭಕ್ಕೆ ಸಿಗದು. ಪರಾಗ ಇರುವ ಚೀಲದ ತುದಿಯಲ್ಲಿ ಸಣ್ಣ ತೂತು ಇರುತ್ತದೆ, ಅಷ್ಟೇ. ಕರಿ ದುಂಬಿ ಬಂದು ಹೂವನ್ನು ಅವುಚಿ ಹಿಡಿದು, ರೆಕ್ಕೆ ಆಡಿಸದೆ ಎದೆಯ ಸ್ನಾಯುಗಳನ್ನು ಮಾತ್ರ ಜೋರಾಗಿ ಅದುರಿಸುತ್ತದೆ. ಝುಂಯ್ ಎಂಬ ಆ ಸದ್ದು ನಿಮಗೂ ಕೇಳಿಸುತ್ತದೆ. ಆ ಅದುರಿಗೆ ಪರಾಗ ಉಪ್ಪಿನ ಡಬ್ಬಿಯಿಂದ ಉಪ್ಪು ಉದುರುವಂತೆ ಉದುರುತ್ತದೆ. ಮಧ್ಯದ ಗಿಡ್ಡ ಕೇಸರಗಳ ಪರಾಗ ದುಂಬಿಯ ಊಟಕ್ಕೆ. ಕೆಳಗಿನ ಉದ್ದ ಕೇಸರಗಳದ್ದು ಅದರ ಮೈಗೆ ಅಂಟಿ ಮುಂದಿನ ಹೂವಿಗೆ ಹೋಗುತ್ತದೆ. ತುಡುವೆ, ಹೆಜ್ಜೇನುಗಳಿಗೆ ಹೀಗೆ ಅದುರಿಸಲು ಬರುವುದಿಲ್ಲ. ಆದ್ದರಿಂದ ಜೇನುಪೆಟ್ಟಿಗೆ ಇಟ್ಟವರು ತಂಗಡಿಯಿಂದ ಜೇನುತುಪ್ಪ ನಿರೀಕ್ಷಿಸಬಾರದು. ಇದು ಗುಂಪು ಕಟ್ಟದೆ ಬದುಕುವ ಕಾಡು ದುಂಬಿಗಳ ಗಿಡ. ಅವುಗಳನ್ನು ಕೇಳುವವರೇ ಇಲ್ಲವಲ್ಲ, ಅದಕ್ಕೇ ನನಗೆ ಇದರ ಮೇಲೆ ಇಷ್ಟು ಪ್ರೀತಿ.

ಕರಿ ದುಂಬಿಗೆ ಊಟದ ಜೊತೆ ಮನೆಯೂ ಬೇಕು. ಒಣಮರ, ಒಣ ಬಿದಿರಲ್ಲಿ ಅದು ತೂತು ಕೊರೆದು ಮೊಟ್ಟೆ ಇಡುತ್ತದೆ. ಸತ್ತ ಮರದ ಒಂದು ಕೊರಡನ್ನು ತೋಟದ ಮೂಲೆಯಲ್ಲಿ ಬಿಟ್ಟುಬಿಡಿ.

ಇನ್ನು ಎಲೆ. ಎಮಿಗ್ರಂಟ್ ಎನ್ನುವ ಮಾಸಲು ಬಿಳಿ ಚಿಟ್ಟೆ ಚಿಗುರೆಲೆಯ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಹಸಿರು ಹುಳುಗಳು ಕೆಲವು ಸಲ ಇಡೀ ರೆಂಬೆಯನ್ನೇ ಬೋಳು ಮಾಡುತ್ತವೆ. ಆಗ ಫೋನ್ ಬರುತ್ತದೆ: "ಸಾರ್, ಹುಳ ಬಿದ್ದಿದೆ, ಏನು ಹೊಡೀಲಿ?" ಏನೂ ಹೊಡೆಯಬೇಡಿ, ಬೇವಿನ ಎಣ್ಣೆಯನ್ನೂ. ಚಿಟ್ಟೆ ಬೇಕೆಂದು ತಾನೇ ಗಿಡ ನೆಟ್ಟಿದ್ದು? ಗಟ್ಟಿಯಾಗಿ ಬೇರೂರಿದ ಗಿಡ ಮತ್ತೆ ಚಿಗುರುತ್ತದೆ.

ಬೆಳೆಸುವುದು ಕಷ್ಟವಲ್ಲ. ಕಂದು ಬಣ್ಣಕ್ಕೆ ತಿರುಗಿದ ಚಪ್ಪಟೆ ಕಾಯಿಗಳಿಂದ ಬೀಜ ಬಿಡಿಸಿ. ಸಿಪ್ಪೆ ತುಂಬಾ ಗಟ್ಟಿ, ಹಾಗೇ ಹಾಕಿದರೆ ತಿಂಗಳುಗಟ್ಟಲೆ ಮಲಗಿರುತ್ತದೆ. ಕುದಿಸಿ ಒಲೆಯಿಂದ ಇಳಿಸಿದ ನೀರಿಗೆ ಬೀಜ ಹಾಕಿ, ರಾತ್ರಿಯಿಡೀ ಬಿಡಿ. ಉಬ್ಬಿದ್ದನ್ನು ಬಿತ್ತಿ, ಉಬ್ಬದಿದ್ದನ್ನು ಮರಳು ಕಾಗದದ ಮೇಲೆ ಉಜ್ಜಿ ಮತ್ತೆ ನೆನೆಸಿ. ತಾಯಿಬೇರು ಬೇಗ ಆಳಕ್ಕೆ ಹೋಗುತ್ತದೆ. ಹಾಗಾಗಿ ಉದ್ದನೆಯ ಚೀಲ ಬಳಸಿ, ಸಸಿ ಚಿಕ್ಕದಿರುವಾಗಲೇ ಮುಂಗಾರಿನಲ್ಲಿ ನೆಡಿ. ನಾಲ್ಕೈದು ಅಡಿ ಅಂತರ ಸಾಕು. ಬಿಸಿಲು ಪೂರ್ತಿ ಬೇಕು. ಮೊದಲ ಬೇಸಿಗೆ ಮಾತ್ರ ಆಗಾಗ ನೀರು ಕೊಡಿ. ಆಮೇಲೆ ನೀರು ನಿಂತರೇ ಅಪಾಯ. ಗೊಬ್ಬರ ಸುರಿದರೆ ಸುಮ್ನೆ ಸೊಪ್ಪು ಬೆಳೆಯುತ್ತದೆ.

ಒಂದು ಎಚ್ಚರಿಕೆ. ಹಳದಿ ಹೂವೆಂದು ಸಿಕ್ಕಿದ್ದನ್ನೆಲ್ಲ ತರಬೇಡಿ. ತಂಗಡಿ ಸೇರಿರುವ ಸೆನ್ನಾ ಕುಲದ್ದೇ ಆದ ಸೆನ್ನಾ ಸ್ಪೆಕ್ಟಾಬಿಲಿಸ್ ಅಮೆರಿಕ ಖಂಡದಿಂದ ಬಂದ ಮರ. ಬಂಡೀಪುರ, ನಾಗರಹೊಳೆ ಕಾಡಿನಲ್ಲಿ ಅದು ಹಬ್ಬಿ, ಸ್ಥಳೀಯ ಗಿಡಗಳಿಗೆ ಜಾಗವಿಲ್ಲದಂತೆ ಮಾಡಿದೆ. ತಂಗಡಿ ಮರವಾಗುವುದಿಲ್ಲ, ಪೊದೆಯಾಗೇ ಉಳಿಯುತ್ತದೆ. ಅದರ ಎಲೆಯ ಬುಡದಲ್ಲಿ ಕಿವಿಯಂಥ ಅಗಲ ಪುಟ್ಟ ಎಲೆ ಅಂಟಿಕೊಂಡಿರುತ್ತದೆ. ಅದನ್ನು ನೋಡಿ ಗುರುತು ಹಿಡಿಯಿರಿ.

ಕಾಯಿ ಒಣಗಿ ಉದುರಿದ ಮೇಲೆ ಸವರಿ. ಎಲ್ಲ ಗಿಡವನ್ನೂ ಒಟ್ಟಿಗೆ ಸವರಬೇಡಿ, ಅರ್ಧಕ್ಕೆ ಈಗ, ಉಳಿದರ್ಧಕ್ಕೆ ತಿಂಗಳೆರಡು ಬಿಟ್ಟು ಕತ್ತರಿ ಹಾಕಿ. ಆಗ ಹುಳುಗಳಿಗೆ ಚಿಗುರು, ದುಂಬಿಗಳಿಗೆ ಹೂವು ಎರಡೂ ಸಿಗುತ್ತಿರುತ್ತವೆ.