ಮೇಲಿಂದ ಬೀಳೋ ಗಾಳಿ

ಎರಡು ವರ್ಷದ ಹಿಂದೆ, ಏಪ್ರಿಲ್ ಕೊನೆ ವಾರ, ಸಂಜೆ ಐದೂವರೆ ಇರಬೇಕು, ತಿಪಟೂರು ಕಡೆ ಇರೋ ನಮ್ಮ ಸೋದರಮಾವ ಫೋನ್ ಮಾಡಿದ್ರು. "ಎಲ್ಲಾ ಮಲಗ್ಬಿಟ್ಟಿದೆ ಕಣೋ, ಸುಂಟರಗಾಳಿ ಹೊಡ್ಕೊಂಡ್ ಹೋಯ್ತು" ಅಂದ್ರು. ಮಲಗಿದ್ದು ಬಾಳೆ ತೋಟ. ಇನ್ನೊಂದು ಇಪ್ಪತ್ತು ದಿನ ಕಳೆದಿದ್ರೆ ಗೊನೆ ಕಡಿಯೋದಿತ್ತು. ಗಾಳಿ ಬೀಸಿದ್ದು ಐದಾರು ನಿಮಿಷ, ಮಳೆ ಬಂದಿದ್ದು ಕಾಲು ಗಂಟೆ, ಪಕ್ಕದ ಊರಲ್ಲಿ ಒಣಗ್ಹಾಕಿದ ಬಟ್ಟೆ ಕೂಡ ಒದ್ದೆ ಆಗಿರ್ಲಿಲ್ವಂತೆ.

ಭಾನುವಾರ ಹೋಗಿ ನೋಡ್ದೆ. ನೋಡಿದ ತಕ್ಷಣ ಕಣ್ಣಿಗೆ ಬಿದ್ದಿದ್ದು ನಷ್ಟಕ್ಕಿಂತ ಗಿಡಗಳು ಬಿದ್ದಿರೋ ರೀತಿ. ಪಂಪ್‌ಹೌಸ್ ಹತ್ರದ ಸಾಲೆಲ್ಲ ಪೂರ್ವಕ್ಕೆ ತಲೆ ಹಾಕಿ ಮಲಗಿದ್ವು, ನಡುವಿನವು ಈಶಾನ್ಯಕ್ಕೆ, ಬದು ದಾಟಿ ಪಕ್ಕದವರ ತೋಟದಲ್ಲಿ ಹೆಚ್ಚೂಕಮ್ಮಿ ಉತ್ತರಕ್ಕೆ. ಬೀಸಣಿಗೆ ಬಿಚ್ಚಿಟ್ಟ ಹಾಗೆ ಅಚ್ಚುಕಟ್ಟು. "ಉತ್ತರಕ್ಕೆ ತಲೆ ಹಾಕಿ ಮಲಗಬಾರ್ದು ಅಂತ ಬಾಳೆಗೇನು ಗೊತ್ತು" ಅಂದ್ರು ಅತ್ತೆ, ಆ ಸಂಕಟದಲ್ಲೂ. ಬಿದ್ದ ಗಿಡಗಳ ಬುಡದಿಂದ ಹಿಂದಕ್ಕೆ ಗೆರೆ ಎಳ್ಕೊಂಡು ಹೋದ್ರೆ ಎಲ್ಲಾ ಗೆರೆನೂ ನೈಋತ್ಯಕ್ಕಿರೋ ಕೆರೆ ಅಂಗಳದಲ್ಲಿ ಒಂದು ಕಡೆ ಸೇರ್ತಿದ್ವು. ಸುಂಟರಗಾಳಿ ಆಗಿದ್ರೆ ಹೀಗೆ ಬೀಳಲ್ಲ. ಅದು ಸುತ್ತುತ್ತೆ, ಒಳಕ್ಕೆ ಎಳ್ಕೊಳ್ಳತ್ತೆ, ಒಂದು ಮರ ಈಕಡೆ ಒಂದು ಆಕಡೆ, ಒಂದರ ಮೇಲೊಂದು ಅಡ್ಡಾದಿಡ್ಡಿ. ಮಾವನ ತೋಟಕ್ಕೆ ಬಂದಿದ್ದು ಬೇರೆ ಥರದ ಗಾಳಿ, ಅದು ಮೋಡದಿಂದ ಕೆಳಕ್ಕೆ ಬಿದ್ದಿತ್ತು.

ನಮ್ಮಲ್ಲಿ ಜೋರು ಗಾಳಿ ಬಂದು ನಾಲ್ಕು ಶೀಟು ಹಾರಿದ್ರೆ ಸಾಕು ಟೀವಿಯವರು ಸುಂಟರಗಾಳಿ ಅಂದ್ಬಿಡ್ತಾರೆ. ನಿಜವಾದ ಟೊರ್ನಾಡೊ ನಮ್ಮ ಉಪಖಂಡಕ್ಕೆ ಬರೋದೇ ಇಲ್ಲ ಅಂತಲ್ಲ, 1989ರ ಏಪ್ರಿಲ್ 26ಕ್ಕೆ ಬಾಂಗ್ಲಾದೇಶದ ದೌಲತ್‌ಪುರ, ಸಾಟುರಿಯಾ ಕಡೆ ಬಂದಿದ್ದು ಸುಮಾರು 1300 ಜನರನ್ನ ಕೊಂದಿತ್ತು. ಆದ್ರೆ ನಮ್ಮ ಬಯಲುಸೀಮೆಯ ಬೇಸಿಗೆ ಮಳೇಲಿ ಮರ ಬೀಳಿಸೋದು ಬಹುಪಾಲು ಡೌನ್‌ಬರ್ಸ್ಟ್ ಅನ್ನೋ ಈ ಇನ್ನೊಂದು ಗಾಳಿ. ಇದಕ್ಕೆ ಕನ್ನಡದಲ್ಲಿ ಚಾಲ್ತಿಯಲ್ಲಿರೋ ಒಂದು ಹೆಸರು ನಂಗೆ ಸಿಕ್ಕಿಲ್ಲ, ಬೀಳುಗಾಳಿ ಅಂದ್ರೆ ತಪ್ಪೇನಿಲ್ಲ ಅನ್ಸತ್ತೆ.

ಮೊದ್ಲು ಮೋಡ ಏಳೋದು ನೋಡೋಣ. ಏಪ್ರಿಲ್-ಮೇನಲ್ಲಿ ಬೆಳಿಗ್ಗೆಯಿಂದ ನೆಲ ಕಾಯತ್ತೆ, ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ ಹಗುರಾಗಿ ಮೇಲಕ್ಕೇಳತ್ತೆ. ಬರೀ ಬಿಸಿ ಇದ್ರೆ ಧೂಳೆದ್ದು ಮುಗೀತು. ಆದ್ರೆ ಸಮುದ್ರದ ಕಡೆಯಿಂದ ಒಂದಿಷ್ಟು ತೇವ ಒಳನಾಡಿಗೆ ಬಂದಿದ್ರೆ (ಹವಾಮಾನ ಇಲಾಖೆಯವರು ಟ್ರಫ್ ಅಂತ ಹೇಳ್ತಿರ್ತಾರಲ್ಲ, ಅಂದ್ರೆ ಗಾಳಿ ಒತ್ತಡ ಕಮ್ಮಿ ಇರೋ ಉದ್ದನೆ ಪಟ್ಟಿ, ಆ ಗೆರೆ ಉದ್ದಕ್ಕೂ ಗಾಳಿ ಸೇರತ್ತೆ) ಆಟ ಶುರು. ಮೇಲೇರಿದ ಗಾಳಿ ತಣ್ಣಗಾಗಿ ಅದರ ಆವಿ ಹನಿಯಾಗತ್ತೆ, ಹನಿಯಾಗುವಾಗ ಅದರೊಳಗೆ ಅಡಗಿದ್ದ ಶಾಖ ಹೊರಗೆ ಬರತ್ತೆ, ಅದರಿಂದ ಸುತ್ತಲ ಗಾಳಿ ಇನ್ನೂ ಬಿಸಿಯಾಗಿ ಇನ್ನೂ ಮೇಲಕ್ಕೆ. ಈ ಶಾಖ ಎಷ್ಟು ಅಂದ್ರೆ, ಒಂದು ಚದರ ಕಿಲೋಮೀಟರ್ ಜಾಗಕ್ಕೆ ಒಂದೇ ಒಂದು ಸೆಂಟಿಮೀಟರ್ ಮಳೆ ಬಿತ್ತು ಅಂದ್ಕೊಳ್ಳಿ, ಅಷ್ಟು ನೀರು ಹನಿಯಾಗುವಾಗ ಬಿಟ್ಟ ಶಾಖ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಸುಮಾರು 70 ಲಕ್ಷ ಯೂನಿಟ್. ಹಾಗಾಗಿ ಮಧ್ಯಾಹ್ನ ಮೂರಕ್ಕೆ ಹತ್ತಿ ಉಂಡೆ ಥರ ಇದ್ದದ್ದು ಐದಕ್ಕೆ 12-15 ಕಿಲೋಮೀಟರ್ ಎತ್ತರದ ಕಪ್ಪು ಗೋಡೆ ಆಗಿರತ್ತೆ, ತಲೆ ಮಾತ್ರ ಕಮ್ಮಾರನ ಅಡಿಗಲ್ಲಿನ ಹಾಗೆ ಚಪ್ಪಟೆ. ಕ್ಯುಮುಲೋನಿಂಬಸ್ ಅಂದ್ರೆ ಇದೇ.

ಏರಿದ್ದು ಇಳೀಲೇಬೇಕಲ್ಲ. ಮೋಡದ ಮೇಲ್ಭಾಗದಲ್ಲಿ ನೀರು, ಆಲಿಕಲ್ಲು ಎಲ್ಲಾ ತುಂಬಿಕೊಂಡು ಭಾರ ತಡೀಲಾರದೆ ಜಾರಕ್ಕೆ ಶುರುವಾದಾಗ ಜೊತೆಗೆ ಗಾಳಿನೂ ಎಳ್ಕೊಂಡು ಬರತ್ತೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು. ಮೋಡದ ಕೆಳಗಿನ ಗಾಳಿ ಬೇಸಿಗೆಯ ಒಣ ಗಾಳಿ, ಅದರೊಳಗೆ ಬಿದ್ದ ಹನಿ ದಾರಿಯಲ್ಲೇ ಆವಿಯಾಗತ್ತೆ, ಆವಿಯಾಗೋಕೆ ಬೇಕಾದ ಶಾಖನ ಸುತ್ತಲಿನ ಗಾಳಿಯಿಂದ ಕಿತ್ಕೊಳ್ಳತ್ತೆ. ಮಣ್ಣಿನ ಮಡಕೆ ನೀರು ತಣ್ಣಗಿರೋದು ಹೇಗೋ ಹಾಗೆ. ಆಲಿಕಲ್ಲು ಕರಗುವಾಗಲೂ ಅದೇ ಕಥೆ. ಹಿಂಗೆ ತಣ್ಣಗಾದ ಗಾಳಿ ಅಕ್ಕಪಕ್ಕದ ಗಾಳಿಗಿಂತ ಭಾರ, ಭಾರ ಅಂದ್ಮೇಲೆ ಇನ್ನೂ ಜೋರಾಗಿ ಬೀಳತ್ತೆ. ಬಂದು ನೆಲಕ್ಕೆ ಬಡಿದ ಮೇಲೆ ಹೋಗೋಕೆ ಜಾಗ ಎಲ್ಲಿ? ಒಂದು ಬಿಂದಿಗೆ ನೀರನ್ನ ಅಂಗಳಕ್ಕೆ ದಬಾರ್ ಅಂತ ಸುರಿದ್ರೆ ಹೇಗೆ ಸುತ್ತಲೂ ಚಿಮ್ಮತ್ತೋ ಹಾಗೆ ಎಲ್ಲಾ ದಿಕ್ಕಿಗೂ ನುಗ್ಗತ್ತೆ.

ಇದನ್ನ ನೀವೂ ಅನುಭವಿಸಿದ್ದೀರ. ಮಳೆ ಇನ್ನೂ ಬಂದೇ ಇಲ್ಲ, ಸೆಖೆಗೆ ಬನೀನು ಬೆನ್ನಿಗೆ ಅಂಟ್ಕೊಂಡಿದೆ, ಇದ್ದಕ್ಕಿದ್ದಂಗೆ ತಣ್ಣನೆ ಗಾಳಿ ರಪ್ ಅಂತ ಮುಖಕ್ಕೆ ಹೊಡೆದು, ಬಾಗಿಲು ಧಡಾರ್ ಅಂದು, ಧೂಳಿನ ಜೊತೆ ಒದ್ದೆ ಮಣ್ಣಿನ ವಾಸನೆ ಬರತ್ತಲ್ಲ, ಆ ತಂಪು ಮೋಡದ ಹೊಟ್ಟೆಯಿಂದ ಬಿದ್ದಿದ್ದು, ವಾಸನೆ ಆಗಲೇ ಮಳೆ ಬೀಳ್ತಿರೋ ಇನ್ಯಾವುದೋ ಬೀದಿಯದು. ಯಲಹಂಕದಲ್ಲಿ ಮಳೆ ಹೊಡೆದು ಅರ್ಧ ಮುಕ್ಕಾಲು ಗಂಟೆ ಆದ್ಮೇಲೆ ಜಯನಗರದಲ್ಲಿ ಹೊಸ ಮೋಡ ಏಳೋದೂ ಎಷ್ಟೋ ಸಲ ಇದರಿಂದಲೇ, ಹರಡಿದ ತಣ್ಣನೆ ಗಾಳಿ ಮುಂದಿನ ಬಿಸಿಗಾಳಿಯ ಬುಡಕ್ಕೆ ತೂರಿ ಅದನ್ನ ಮೇಲಕ್ಕೆತ್ತತ್ತೆ. ಮೊದಲನೇ ಮೋಡಕ್ಕೆ ಮಾತ್ರ ಅದೇ ಗಾಳಿ ಮೃತ್ಯು, ಕೆಳಗಿಂದ ಬರ್ತಿದ್ದ ಬಿಸಿ ಊಟ ಬಂದ್ ಆಗ್ಬಿಡತ್ತೆ.

ಬೀಳುಗಾಳಿ ಅಂತ ಒಂದಿದೆ ಅಂತ ಜಗತ್ತಿಗೆ ಗೊತ್ತಾಗಿದ್ದು ಇತ್ತೀಚೆಗೆ, ಗೊತ್ತಾದ ಕಥೆ ಸಿನಿಮಾ ಥರ ಇದೆ. ಟೆಟ್ಸುಯಾ ಫುಜಿಟಾ ಅಂತ ಜಪಾನಿನ ಯುವ ಮೇಷ್ಟ್ರು, 1945ರಲ್ಲಿ ಕೊಕುರಾ ಹತ್ರದ ಕಾಲೇಜಲ್ಲಿದ್ರು. ಆಗಸ್ಟ್ 9ಕ್ಕೆ ಅಣುಬಾಂಬ್ ಬೀಳಬೇಕಿದ್ದಿದ್ದು ಕೊಕುರಾ ಮೇಲೆ, ಅವತ್ತು ಮೋಡ-ಹೊಗೆ ಮುಸುಕಿ ಗುರಿ ಕಾಣದೆ ವಿಮಾನ ನಾಗಸಾಕಿಗೆ ತಿರುಗಿತು. ಸ್ವಲ್ಪ ದಿನದ ನಂತರ ಫುಜಿಟಾ ನಾಗಸಾಕಿಗೆ ಹೋಗಿ ಅಧ್ಯಯನ ಮಾಡಿದ್ರು, ಸ್ಮಶಾನದಲ್ಲಿ ಹೂವಿಡೋ ಬಿದಿರಿನ ಕೊಳವೆಗಳ ಮೇಲಿನ ಸುಟ್ಟ ಗುರುತು ನೋಡಿ ಬಾಂಬ್ ಎಷ್ಟು ಎತ್ತರದಲ್ಲಿ ಸಿಡೀತು ಅಂತ ಲೆಕ್ಕ ಹಾಕಿದ್ರು. ಸ್ಫೋಟದ ನೇರ ಕೆಳಗಿನ ಮರಗಳು ನಿಂತೇ ಇದ್ವು, ಸುತ್ತಲಿನವು ನಕ್ಷತ್ರದ ಕಿರಣದ ಹಾಗೆ ಹೊರಮುಖವಾಗಿ ಬಿದ್ದಿದ್ವು. ಈ ಚಿತ್ರ ಅವರ ತಲೇಲಿ ಉಳೀತು.

ಮುಂದೆ ಅಮೆರಿಕಕ್ಕೆ ಹೋಗಿ ಶಿಕಾಗೊ ವಿಶ್ವವಿದ್ಯಾಲಯ ಸೇರಿದ್ರು, ಟೊರ್ನಾಡೊ ಅಳೆಯೋ ಎಫ್ ಸ್ಕೇಲ್ ಇವರದ್ದೇ. 1974ರ ಏಪ್ರಿಲ್‌ನಲ್ಲಿ ಅಲ್ಲಿ ಒಂದರ ಹಿಂದೊಂದು ಟೊರ್ನಾಡೊ ಬಂದಾಗ ಸಣ್ಣ ವಿಮಾನದಲ್ಲಿ ಕಾಡಿನ ಮೇಲೆ ಹಾರಾಡ್ತಾ ನೋಡಿದ್ರೆ ಕೆಲವು ಕಡೆ ಮರಗಳು ಸುತ್ತಿ ಬಿದ್ದಿಲ್ಲ, ನಾಗಸಾಕಿಯಲ್ಲಿ ನೋಡಿದ ಹಾಗೇ ನಕ್ಷತ್ರ! ಮರುವರ್ಷ, 1975ರ ಜೂನ್ 24ಕ್ಕೆ, ನ್ಯೂಯಾರ್ಕಿನ ಕೆನಡಿ ಏರ್‌ಪೋರ್ಟಲ್ಲಿ ಇಳೀತಿದ್ದ ವಿಮಾನ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ರು. ಫುಜಿಟಾ ದಾಖಲೆಗಳನ್ನ ಕೆದಕಿ ಇದು ಮೇಲಿಂದ ಬಿದ್ದ ಗಾಳಿ ಅಂದ್ರು. ಸಹೋದ್ಯೋಗಿಗಳಲ್ಲಿ ಸುಮಾರು ಜನ ನಂಬಲಿಲ್ಲ, ಗಾಳಿ ನೆಲದ ಹತ್ರ ಬರೋಷ್ಟರಲ್ಲಿ ನಿಧಾನ ಆಗ್ಬೇಕಲ್ವಾ ಅಂತ ವಾದ. 1978ರಲ್ಲಿ ಶಿಕಾಗೊ ಹತ್ರ ಗಾಳಿಯ ವೇಗ ಅಳೆಯೋ ಡಾಪ್ಲರ್ ರೇಡಾರ್ ಇಟ್ಟು ಕಾದ್ರು, ಬೀಳುಗಾಳಿ ಸಿಕ್ಕಿಹಾಕ್ಕೊಂತು.

ಪೈಲಟ್‌ಗೆ ಇದು ಮೋಸ ಮಾಡೋ ರೀತಿ ನೋಡಿ. ಇಳಿಯೋಕೆ ಬರ್ತಿರೋ ವಿಮಾನಕ್ಕೆ ಮೊದಲು ಎದುರುಗಾಳಿ ಸಿಗತ್ತೆ, ರೆಕ್ಕೆಗೆ ಎತ್ತುವ ಬಲ ಜಾಸ್ತಿಯಾಗಿ ವಿಮಾನ ಮೇಲೇಳತ್ತೆ, ಪೈಲಟ್ ಪವರ್ ಕಮ್ಮಿ ಮಾಡ್ತಾರೆ. ಮರುಕ್ಷಣ ನಡುವಿನ ಬೀಳುಗಾಳಿ ಕೆಳಕ್ಕೆ ಒತ್ತತ್ತೆ, ಅದನ್ನ ದಾಟಿದ್ರೆ ಹಿಂದಿಂದ ಗಾಳಿ, ಎತ್ತುವ ಬಲ ಇನ್ನೂ ಕುಸಿಯತ್ತೆ, ಚೇತರಿಸಿಕೊಳ್ಳೋಕೆ ಕೆಳಗೆ ಎತ್ತರನೇ ಉಳಿದಿರಲ್ಲ. 1983ರ ಆಗಸ್ಟ್ 1ಕ್ಕೆ ವಾಷಿಂಗ್ಟನ್ ಹತ್ರದ ಆಂಡ್ರೂಸ್ ವಾಯುನೆಲೆಯಲ್ಲಿ ಅಧ್ಯಕ್ಷ ರೇಗನ್ ಅವರ ವಿಮಾನ ಇಳಿದ ಕೆಲವೇ ನಿಮಿಷಕ್ಕೆ ಗಂಟೆಗೆ 240 ಕಿಲೋಮೀಟರ್ ವೇಗದ ಗಾಳಿ ದಾಖಲಾಯ್ತು. ಇವತ್ತು ದೊಡ್ಡ ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಇದಕ್ಕೆ ಅಂತಾನೇ ಎಚ್ಚರಿಕೆ ವ್ಯವಸ್ಥೆ ಇದೆ.

ಬಾಳೆ ತೋಟಕ್ಕೆ ಅದೆಲ್ಲ ಇಲ್ಲ. ಬೀದಿಯಲ್ಲಿರೋ ಹೋರ್ಡಿಂಗಿಗೂ ಇಲ್ಲ. 2024ರ ಮೇ 13ರ ಸಂಜೆ ಮುಂಬೈಯ ಘಾಟ್ಕೋಪರ್‌ನಲ್ಲಿ ಧೂಳುಗಾಳಿ ಎದ್ದು ಪೆಟ್ರೋಲ್ ಬಂಕ್ ಮೇಲೆ ಹೋರ್ಡಿಂಗ್ ಬಿದ್ದು 17 ಜನ ಸತ್ತಿದ್ದು ನೆನಪಿರಬಹುದು. ಅದರ ಅಳತೆ 120 ಅಡಿಗೆ 120 ಅಡಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರತ್ತೆ, ವೇಗ ಎರಡರಷ್ಟು ಆದ್ರೆ ಒತ್ತಡ ನಾಲ್ಕರಷ್ಟು. ಅಷ್ಟು ದೊಡ್ಡ ಹಲಗೆಗೆ 40 ಕಿಲೋಮೀಟರ್ ವೇಗದ ಗಾಳಿ ನೇರ ಹೊಡೆದ್ರೆ ಸುಮಾರು 10 ಟನ್ ತಳ್ಳಿದ ಹಾಗೆ, 80 ಆದ್ರೆ 40 ಟನ್. ಇಷ್ಟು ಸಣ್ಣ ಗುಣಾಕಾರನೂ ಮಾಡದೆ ಊರ ತುಂಬ ಹಲಗೆ ನಿಲ್ಲಿಸ್ತೀವಲ್ಲ ಅಂತ ನಂಗೆ ಸಿಟ್ಟು ಬರತ್ತೆ. ಬೆಂಗಳೂರಿನ ಮರಗಳದ್ದೂ ಇದೇ ಪಾಡು. ಗುಲ್‌ಮೊಹರ್ ಮೈತುಂಬ ಹೂಬಿಟ್ಟು ಕೊಡೆ ಥರ ಹರಡಿರೋದೂ ಇದೇ ತಿಂಗಳಲ್ಲಿ, ಬೇರು ನೋಡಿದ್ರೆ ಆಳ ಇಲ್ಲ, ಇರೋದನ್ನೂ ಚರಂಡಿಗೆ, ಕೇಬಲ್‌ಗೆ ಅಂತ ಕಡಿದು ಸುತ್ತ ಕಾಂಕ್ರೀಟ್ ಹಾಕಿರ್ತೀವಿ. ಆಮೇಲೆ ಮರ ಬಿದ್ದಿದ್ದಕ್ಕೆ ಗಾಳೀನ ಬೈಯೋದು.

ಇದೇ ಮೋಡದ ಉಳಿದ ಎರಡು ಆಯುಧ ಗೊತ್ತಿರೋವೇ. ಆಲಿಕಲ್ಲಿಗೆ 1888ರ ಏಪ್ರಿಲ್ 30ಕ್ಕೆ ಮೊರಾದಾಬಾದ್ ಹತ್ರ 246 ಜನ ಸತ್ತಿದ್ದು ಇವತ್ತಿಗೂ ವಿಶ್ವ ಹವಾಮಾನ ಸಂಸ್ಥೆಯ ಪಟ್ಟಿಯಲ್ಲಿ ಅತಿ ಹೆಚ್ಚು ಸಾವಿನ ದಾಖಲೆ. ಸಿಡಿಲಂತೂ ವರ್ಷ ವರ್ಷ ಕೊಲ್ಲತ್ತೆ, 2022 ಒಂದರಲ್ಲೇ ದೇಶದಲ್ಲಿ 2887 ಜನ. ಅವರಲ್ಲಿ ಹೊಲದಲ್ಲಿದ್ದವರು, ಮಳೆ ಅಂತ ಮರದ ಕೆಳಗೆ ನಿಂತವರು ಎಷ್ಟೋ.

"ಮುಂಚೆನೇ ಹೇಳಕ್ಕಾಗಲ್ವಾ?" ಅಂತ ಮಾವ ಕೇಳಿದ್ರು. ಚಂಡಮಾರುತ ಆದ್ರೆ ನೂರಾರು ಕಿಲೋಮೀಟರ್ ಅಗಲ, ದಿನಗಟ್ಟಲೆ ಬದುಕಿರತ್ತೆ, ಸ್ಯಾಟಲೈಟಲ್ಲಿ ಹಿಂಬಾಲಿಸ್ಬಹುದು. ಈ ಮೋಡದ ಆಯಸ್ಸೇ ಗಂಟೆ ಲೆಕ್ಕ, ಸಣ್ಣ ಬೀಳುಗಾಳಿ ನಾಲ್ಕು ಕಿಲೋಮೀಟರ್ ಒಳಗೆ ಮುಗಿಯತ್ತೆ. ಈ ಜಿಲ್ಲೇಲಿ ಮುಂದಿನ ಮೂರು ಗಂಟೆ ಗುಡುಗು-ಗಾಳಿ ಅಂತ ಹವಾಮಾನ ಇಲಾಖೆ ಹೇಳತ್ತೆ, ಯಾರ ತೋಟ ಅಂತ ಹೇಳಕ್ಕಾಗಲ್ಲ. "ಅಶ್ವಿನಿ ಸಸ್ಯನಾಶಿನಿ ಅಂತ ನಮ್ಮಪ್ಪ ಹೇಳ್ತಿದ್ರು, ಅವರೂ ಯಾರ ಸಸ್ಯ ಅಂತ ಹೇಳಿರ್ಲಿಲ್ಲ" ಅಂದ್ರು ಮಾವ. ಬಾಳೆ ಬಿದ್ದಿದ್ದು ಭರಣಿ ಮಳೇಲಿ ಅಂತ ಅತ್ತೆ ತಿದ್ದಿದ್ರು.

ಈಗ ಆ ಮನೇಲಿ ಒಂದು ಹೊಸ ಅಭ್ಯಾಸ ಬಂದಿದೆ. ಏಪ್ರಿಲ್-ಮೇನಲ್ಲಿ ಸಂಜೆ ತಣ್ಣನೆ ಗಾಳಿ ಮುಖಕ್ಕೆ ತಾಗಿದ ತಕ್ಷಣ ಯಾರೂ ಮಳೆ ಬಂತು ಅಂತ ಹಿಗ್ಗಲ್ಲ, ಅತ್ತೆ ತೆಂಗಿನಮರದ ಕೆಳಗಿಂದ ಕರು ಬಿಚ್ಚಿ ಕೊಟ್ಟಿಗೆಗೆ ಓಡ್ತಾರೆ, ಮಾವ ಪಂಪ್‌ಹೌಸ್ ಶೀಟಿನ ಮೇಲೆ ಇನ್ನೆರಡು ಸೈಜುಗಲ್ಲು ಹೊರಿಸ್ತಾರೆ.