ಲಂಡನ್–ಸಿಡ್ನಿ: ನಡುವೆ ಎಲ್ಲಾದರೂ ಇಳಿಯಲೇಬೇಕಾ?

1935ರಲ್ಲಿ ಲಂಡನ್ನಿಂದ ಆಸ್ಟ್ರೇಲಿಯಾಕ್ಕೆ ವಿಮಾನದ ಟಿಕೆಟ್ ಕೊಂಡವರು ನಡುವೆ ರೈಲು ಹತ್ತಬೇಕಿತ್ತು. ಪ್ಯಾರಿಸ್‌ನಿಂದ ಇಟಲಿಯ ಬ್ರಿಂಡಿಸಿವರೆಗೆ. ಬ್ರಿಟಿಷ್ ವಿಮಾನಗಳನ್ನು ತನ್ನ ಆಕಾಶದಲ್ಲಿ ಇಟಲಿ ಸಲೀಸಾಗಿ ಬಿಡುತ್ತಿರಲಿಲ್ಲ, ಅದಕ್ಕೆ. ಆಮೇಲೆ ಕರಾಚಿ, ಜೋಧ್‌ಪುರ, ದೆಹಲಿ, ಕಲ್ಕತ್ತಾ, ಸಿಂಗಪುರ ಅಂತ ಇಳಿದು ಹತ್ತಿ, ಬ್ರಿಸ್ಬೇನ್ ಮುಟ್ಟುವಷ್ಟರಲ್ಲಿ ಹನ್ನೆರಡು ದಿನ ದಾಟುತ್ತಿತ್ತು.

ಲಂಡನ್‌ಗೂ ಸಿಡ್ನಿಗೂ ನೇರ ದೂರ ಸುಮಾರು 17,000 ಕಿ.ಮೀ. ಜೆಟ್ ವಿಮಾನ ಗಂಟೆಗೆ 900 ಕಿ.ಮೀ. ಹಾರುತ್ತದೆ. ಭಾಗಿಸಿದರೆ 19 ಗಂಟೆ. ಸುಲಭದ ಲೆಕ್ಕ, ಅಲ್ವಾ? ಆದರೆ ಈಗಲೂ ಟಿಕೆಟ್ ಹುಡುಕಿದರೆ 22–23 ಗಂಟೆಗೆ ಕಮ್ಮಿ ಸಿಗುವುದು ಕಷ್ಟ. ಆ ಜಾಸ್ತಿ ಹೊತ್ತು ತಿನ್ನುವುದು ಈ ಇಳಿದು ಹತ್ತುವ ಕೆಲಸವೇ.

ಇಳಿಯಲು ಜಾಗವೇ ಇಲ್ಲದ ಕಾಲವೂ ಒಂದಿತ್ತು. 1942ರಲ್ಲಿ ಸಿಂಗಪುರ ಜಪಾನಿನ ಕೈಸೇರಿ ದಾರಿ ಕಡಿದುಹೋಯಿತು. ಮರುವರ್ಷ ಆಸ್ಟ್ರೇಲಿಯಾದ ವಿಮಾನ ಕಂಪನಿ ಕ್ವಾಂಟಾಸ್, ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳನ್ನು ಆಸ್ಟ್ರೇಲಿಯಾದ ಪಶ್ಚಿಮ ತೀರದ ಪರ್ತ್‌ನಿಂದ ಸಿಲೋನಿನ (ಈಗಿನ ಶ್ರೀಲಂಕಾ) ಕೊಗ್ಗಲ ಕೆರೆಗೆ ಒಂದೇ ಓಟದಲ್ಲಿ ಹಾರಿಸಿತು. 5,600 ಕಿ.ಮೀ.ಗೂ ಜಾಸ್ತಿ, ಎಲ್ಲ ಹಿಂದೂ ಮಹಾಸಾಗರದ ಮೇಲೆ. ಶತ್ರುವಿಗೆ ಸುಳಿವು ಸಿಗಬಾರದೆಂದು ರೇಡಿಯೋ ಬಂದ್. ನಕ್ಷತ್ರ ನೋಡಿ ದಾರಿ ಹಿಡಿಯಬೇಕು. ಟ್ಯಾಂಕ್ ತುಂಬಾ ಇಂಧನವಿದ್ದುದರಿಂದ ಪ್ರಯಾಣಿಕರು ಮೂವರೇ, ಜೊತೆಗೆ ಒಂದಿಷ್ಟು ಟಪಾಲು. ಸುಮಾರು 28 ಗಂಟೆಯ ಹಾರಾಟ, ಒಮ್ಮೆಯಂತೂ 32 ಗಂಟೆ ದಾಟಿತ್ತು. ಎರಡು ಸೂರ್ಯೋದಯ ನೋಡುತ್ತಿದ್ದ ಪ್ರಯಾಣಿಕರಿಗೆ ಅದರ ಹೆಸರಿನಲ್ಲೇ ಒಂದು ಸರ್ಟಿಫಿಕೇಟ್ ಕೊಡುತ್ತಿದ್ದರು.

ಯುದ್ಧ ಮುಗಿದ ಮೇಲೆ, 1947ರ ಡಿಸೆಂಬರ್ 1ರಂದು, 29 ಪ್ರಯಾಣಿಕರೊಂದಿಗೆ ಕಾನ್‌ಸ್ಟಲೇಷನ್ ವಿಮಾನ ಸಿಡ್ನಿ ಬಿಟ್ಟಿತು. ಡಾರ್ವಿನ್, ಸಿಂಗಪುರ, ಕಲ್ಕತ್ತಾ, ಕರಾಚಿ, ಕೈರೋ, ಟ್ರಿಪೋಲಿ, ಕೊನೆಗೆ ಲಂಡನ್. ಹಾರಿದ್ದು 55 ಗಂಟೆ, ಆಗಿದ್ದು ನಾಲ್ಕು ದಿನ. ಜೆಟ್ ಬಂದ ಮೇಲೆ ನಿಲ್ದಾಣಗಳು ಒಂದೊಂದಾಗಿ ಕಳಚಿದವು, ಕಲ್ಕತ್ತಾ, ಕರಾಚಿ ಕೂಡ.

1989ರಲ್ಲಿ 747-400 ವಿಮಾನವೊಂದು ಲಂಡನ್ನಿಂದ ಸಿಡ್ನಿಗೆ ಎಲ್ಲೂ ಇಳಿಯದೆ 20 ಗಂಟೆ 9 ನಿಮಿಷದಲ್ಲಿ ಬಂತು. ಆದರೆ ಒಳಗೆ ಟಿಕೆಟ್ ಕೊಂಡ ಒಬ್ಬ ಪ್ರಯಾಣಿಕನೂ ಇರಲಿಲ್ಲ! ಇಂಧನ ಉಳಿಸಲು ಅದನ್ನು ರನ್‌ವೇವರೆಗೆ ಎಳೆದುಕೊಂಡು ಹೋಗಿದ್ದರು. ದಾಖಲೆಯೇನೋ ಆಯಿತು, ವ್ಯಾಪಾರ ಆಗಲಿಲ್ಲ.

2018ರ ಮಾರ್ಚ್‌ನಲ್ಲಿ ಪರ್ತ್–ಲಂಡನ್ ನೇರ ಸೇವೆ ಶುರುವಾಯಿತು. 14,498 ಕಿ.ಮೀ., ಸುಮಾರು 17 ಗಂಟೆ. ಇಲ್ಲಿಗೂ ಆಕಾಶದ ರಾಜಕೀಯ ಬಂತು. 2024ರ ಏಪ್ರಿಲ್‌ನಲ್ಲಿ ಇರಾನ್ ಕಡೆ ಉದ್ವಿಗ್ನತೆ ಹೆಚ್ಚಿದಾಗ ಸುತ್ತು ಹಾಕಬೇಕಾಯಿತು. ಲಂಡನ್‌ಗೆ ಹೋಗುವ ವಿಮಾನ ಇಂಧನಕ್ಕಾಗಿ ಸಿಂಗಪುರದಲ್ಲಿ ಇಳಿಯತೊಡಗಿತು. ವಾಪಸ್ ಬರುವುದು ಮಾತ್ರ ನೇರವಾಗಿಯೇ ಬರುತ್ತಿತ್ತು, ಯಾಕೆಂದರೆ ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಹಿಂದಿನಿಂದ ನೂಕುತ್ತದೆ.

ಈಗ ಸಿಡ್ನಿಯ ಸರದಿ. ಕ್ವಾಂಟಾಸ್ 2022ರಲ್ಲಿ 12 ಏರ್‌ಬಸ್ ಎ350-1000 ವಿಮಾನಗಳಿಗೆ ಆರ್ಡರ್ ಕೊಟ್ಟಿದೆ. 20,000 ಲೀಟರಿನ ಹೆಚ್ಚುವರಿ ಟ್ಯಾಂಕ್, ಸೀಟು ಬರೀ 238, ಹಾರಾಟ 22 ಗಂಟೆವರೆಗೆ. ಒಂದು ಕಡೆ ಇಳಿದು ಹೋಗುವುದಕ್ಕಿಂತ ನಾಲ್ಕು ಗಂಟೆವರೆಗೆ ಉಳಿಯುತ್ತದೆ ಎನ್ನುವುದು ಕಂಪನಿಯ ಲೆಕ್ಕ. ಆ ನಾಲ್ಕು ಗಂಟೆಗೆ ಎಷ್ಟು ದುಡ್ಡು ಜಾಸ್ತಿ ಕೇಳುತ್ತಾರೋ ನೋಡಬೇಕು.